ಮನೆ ರಿಪೇರಿಗೆ ಸಣ್ಣ ವೆಲ್ಡಿಂಗ್ ಮೆಷಿನ್: 200 ಆಂಪ್ ತಗೋಬೇಕಾ, 400 ತಗೋಬೇಕಾ?

ಗದ್ದೆಬದು, ಪಾಂಡವಪುರ ತಾಲ್ಲೂಕು
ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆ ಗೇಟಿನ ಕೀಲು ಮುರಿದು ಮೂರು ವಾರ ಆಯಿತು. ಹಗ್ಗ ಕಟ್ಟಿ ನಿಲ್ಲಿಸಿದ್ದೇವೆ. ಕರು ಎರಡು ಸಲ ಹಗ್ಗ ಸಡಿಲ ಮಾಡಿಕೊಂಡು ಹೋಗಿ ಪಕ್ಕದವರ ರಾಗಿ ಪೈರು ಮೇಯ್ದು ಬಂದಿದೆ. ಅವರ ಹತ್ತಿರ ಮಾತು ಕೇಳಿದ್ದೂ ಆಯಿತು. ವೆಲ್ಡಿಂಗ್‌ನವರಿಗೆ ಫೋನ್ ಮಾಡಿದರೆ "ನಾಳೆ ಬರ್ತೀನಿ ಅಣ್ಣ" ಅಂತಾರೆ. ಗೇಟ್ ಕಿತ್ತು ಟ್ರ್ಯಾಕ್ಟರ್‌ಗೆ ಹಾಕಿಕೊಂಡು ಹೋದರೆ ಒಂದು ಕೀಲಿಗೆ ಅರ್ಧ ದಿನ ಹೋಗುತ್ತದೆ.

ಅದಕ್ಕೆ ನಾನೇ ಒಂದು ಮೆಷಿನ್ ತಗೊಳ್ಳೋಣ ಅಂತ ಇದ್ದೇನೆ. ಕೆಲಸ ಇಷ್ಟೇ: ಗೇಟ್ ಕೀಲು, ನೀರಿನ ಟ್ಯಾಂಕ್ ಸ್ಟ್ಯಾಂಡಿನ ಆಂಗ್ಲರ್ (ಎಲ್ ಆಕಾರದ ಕಬ್ಬಿಣದ ಪಟ್ಟಿ), ಹುಲ್ಲು ಕತ್ತರಿಸುವ ಮೆಷಿನ್ನಿನ ಕಾಲು, ಶೀಟ್ ಚಾವಣಿಯ ಸ್ಕ್ವೇರ್ ಪೈಪ್. ಹತ್ತು ಸಾವಿರದ ಒಳಗೆ ಆಗಬೇಕು. ಮಂಡ್ಯದಲ್ಲಿ ಒಂದು ಅಂಗಡಿಯವರು 200 ಆಂಪ್ ಸಾಕು ಅಂದರು. ಇನ್ನೊಬ್ಬರು ಅದೇ ದುಡ್ಡಿಗೆ 400 ಆಂಪ್ ಕೊಡ್ತೀನಿ ಅಂದರು. ಯಾವುದು ತಗೊಳ್ಳಲಿ? ಮನೆಗೆ ಸಿಂಗಲ್ ಫೇಸ್ ಇದೆ. ವೆಲ್ಡಿಂಗ್ ನನಗೆ ಏನೂ ಬರಲ್ಲ.

ಕಬ್ಬಿನಹಾಲು, ಮದ್ದೂರು
ಅದೇ ದುಡ್ಡಿಗೆ 400 ಸಿಗುವಾಗ 200 ಯಾಕೆ? ದೊಡ್ಡದೇ ತಗೊಳ್ಳಿ. ಮುಂದೆ ಕಲ್ಟಿವೇಟರ್‌ಗೂ ಆಗುತ್ತದೆ.

ಮೇಟಗಳ್ಳಿ ಫಿಟ್ಟರ್, ಮೈಸೂರು
ಕಬ್ಬಿನಹಾಲು ಅವರೇ, ಆ 400 ನಂಬಬೇಡಿ. ನಾನು 22 ವರ್ಷದಿಂದ ಫ್ಯಾಬ್ರಿಕೇಶನ್ ಮಾಡುತ್ತಿದ್ದೇನೆ. ಡಬ್ಬದ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು.

ಲೆಕ್ಕ ಹಾಕಿ ನೋಡಿ. ರಾಡ್ (ಕರಗಿ ಬೆಸುಗೆಯಾಗುವ ಕಡ್ಡಿ) ವೆಲ್ಡಿಂಗ್‌ನಲ್ಲಿ 400 ಆಂಪ್ ಹರಿಯಬೇಕಾದರೆ ರಾಡ್ ತುದಿಯ ಬೆಂಕಿಯ ಹತ್ತಿರ ಸುಮಾರು 36 ವೋಲ್ಟ್ ಬೇಕು. ಎರಡನ್ನೂ ಗುಣಿಸಿದರೆ 14,400 ವ್ಯಾಟ್. ಇದು 230 ವೋಲ್ಟ್ ಲೈನ್‌ನಿಂದ ಬರಬೇಕಾದರೆ 62 ಆಂಪ್‌ಗಿಂತ ಜಾಸ್ತಿ ಎಳೆಯಬೇಕು. ಮೆಷಿನ್ ಒಳಗಿನ ನಷ್ಟ ಇದರಲ್ಲಿ ಸೇರಿಲ್ಲ. ನಿಮ್ಮ ಮನೆಯ ದೊಡ್ಡ ಸಾಕೆಟ್ 16 ಆಂಪ್‌ನದು. ಎಲ್ಲಿಂದ ಬರಬೇಕು 400?

ಈಗ ನಿಮ್ಮ ಕೆಲಸಕ್ಕೆ ಎಷ್ಟು ಬೇಕು ನೋಡೋಣ. ಕೀಲು, ಆಂಗ್ಲರ್, ಪೈಪ್‌ಗೆಲ್ಲ 2.5 ಎಂಎಂ ರಾಡ್ ಸಾಕು. ಅಂಗಡಿಯಲ್ಲಿ 12 ಗೇಜ್ ಅಂತ ಕೇಳಿ. ಅದು 60ರಿಂದ 90 ಆಂಪ್‌ನಲ್ಲಿ ಓಡುತ್ತದೆ. 3.15 ಎಂಎಂ, ಅಂದರೆ 10 ಗೇಜ್ ರಾಡ್‌ಗೆ 90ರಿಂದ 130. ದಪ್ಪ ಆಂಗ್ಲರ್ ಬಂದರೆ ಮಾತ್ರ ಅದು ಬೇಕು. ಹಾಗಾಗಿ ನಿಜವಾಗಿ 140-150 ಆಂಪ್ ಕೊಡುವ ಮೆಷಿನ್ ಇದ್ದರೆ ನಿಮ್ಮ ಜನ್ಮಕ್ಕೆ ಸಾಕು. 200 ಅಂತ ಬರೆದಿರುವ ಒಳ್ಳೆ ಇನ್ವರ್ಟರ್ ಮೆಷಿನ್ ತಗೊಳ್ಳಿ.

ಅಂಗಡಿಯಲ್ಲಿ ಮೆಷಿನ್ ತಿರುಗಿಸಿ ಹಿಂದಿನ ತಗಡಿನ ಪಟ್ಟಿ ಓದಿ. ಅದರಲ್ಲಿ ಡ್ಯೂಟಿ ಸೈಕಲ್ ಇರುತ್ತದೆ. 60% ಅಂತ ಇದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಸುಡಬಹುದು, ನಾಲ್ಕು ನಿಮಿಷ ತಣ್ಣಗಾಗಲು ಬಿಡಬೇಕು. ಆ ಆರು ನಿಮಿಷ ಎಷ್ಟು ಆಂಪ್‌ನಲ್ಲಿ ಅಂತಲೂ ಪಕ್ಕದಲ್ಲೇ ಬರೆದಿರಬೇಕು. ಪಟ್ಟಿಯೇ ಇಲ್ಲದ ಮೆಷಿನ್ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕಬ್ಬಿನಹಾಲು, ಮದ್ದೂರು
ಈ ಲೆಕ್ಕ ನನಗೆ ಗೊತ್ತಿರಲಿಲ್ಲ ಸರ್. ಒಪ್ಪಿದೆ. ನಮ್ಮ ಮಾವ "400" ತಂದು ಇಟ್ಟಿದ್ದಾರೆ. 10 ಗೇಜ್ ರಾಡ್ ಹಾಕಿದರೆ ಎರಡನೇ ರಾಡ್‌ಗೇ ಬಿಸಿಯಾಗಿ ಹಳದಿ ದೀಪ ಹತ್ತಿಕೊಂಡು ನಿಂತುಬಿಡುತ್ತದೆ. ಯಾಕೆ ಅಂತ ಈಗ ತಿಳಿಯಿತು.

ಹಳೇಬಂಗಾರ, ಮಳವಳ್ಳಿ
ಈ ಇನ್ವರ್ಟರ್ ಎಲ್ಲ ಎರಡು ವರ್ಷದ ಮಾತು. ತಾಮ್ರದ ಕಾಯಿಲ್ ಇರುವ ಹಳೇ ಟ್ರಾನ್ಸ್‌ಫಾರ್ಮರ್ ಮೆಷಿನ್ ತಗೊಳ್ಳಿ. ನಮ್ಮಪ್ಪ ತಂದಿದ್ದು ಇನ್ನೂ ಓಡ್ತಾ ಇದೆ. ಒಳಗೆ ಬೋರ್ಡ್ ಇಲ್ಲ, ಸುಡುವುದಕ್ಕೆ ಏನೂ ಇಲ್ಲ.

ವೈರ್‌ಮ್ಯಾನ್ ಮಂಡ್ಯ
ಹಳೇಬಂಗಾರ ಅವರೇ, ನಿಮ್ಮ ಮೆಷಿನ್ ಗಟ್ಟಿ, ಒಪ್ಪುತ್ತೇನೆ. ಆದರೆ ಅದು ಎರಡು ಫೇಸ್ ಮಧ್ಯೆ 415 ವೋಲ್ಟ್‌ಗೆ ಕೊಡುವಂಥದ್ದು ಇರಬೇಕು, ಅಲ್ವಾ? ಇವರಿಗೆ ಇರುವುದು ಸಿಂಗಲ್ ಫೇಸ್. ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರ್ ಮೆಷಿನ್ ಸಿಗುತ್ತದೆ, ಆದರೆ ರಾಡ್ ತಾಗಿಸಿದಾಗಲೆಲ್ಲ ಬೀದಿಯ ಬಲ್ಬೆಲ್ಲ ಮಂಕಾಗುತ್ತದೆ. ಅದನ್ನು ಎತ್ತಲು ಇಬ್ಬರು ಬೇಕು. ಇನ್ವರ್ಟರ್ ಐದಾರು ಕೆಜಿ, ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೋಗಬಹುದು.

ಗದ್ದೆಬದು ಅವರೇ, ಮೆಷಿನ್‌ಗಿಂತ ಮೊದಲು ನಿಮ್ಮ ವೈರಿಂಗ್ ಹೇಳಿ. ನಾನು ರಿಪೇರಿಗೆ ಹೋದ ಕಡೆ ನೋಡಿರುವುದು ಇದೇ: ಮೆಷಿನ್ ಸರಿ ಇರುತ್ತದೆ, ಸಾಕೆಟ್ ಕರಗಿರುತ್ತದೆ. 80 ಆಂಪ್‌ನಲ್ಲಿ ವೆಲ್ಡ್ ಮಾಡುವಾಗ ಬೆಂಕಿಗೆ ಹೋಗುವುದು 1,850 ವ್ಯಾಟ್. ಮೆಷಿನ್ ನಷ್ಟ ಸೇರಿ 2,300 ಇಟ್ಟುಕೊಳ್ಳಿ. ಈ ಮೆಷಿನ್‌ಗಳ ಪವರ್ ಫ್ಯಾಕ್ಟರ್ ಕಮ್ಮಿ, ಅಂದರೆ ಮಾಡುವ ಕೆಲಸಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತವೆ. ಅದಕ್ಕೇ ಲೈನ್‌ನಿಂದ 14-15 ಆಂಪ್ ಎಳೆಯುತ್ತದೆ. ಫ್ಯಾನ್ ಲೈಟಿನ 6 ಆಂಪ್ ಸಾಕೆಟ್‌ಗೆ ಇದನ್ನು ಚುಚ್ಚಲೇಬಾರದು.

ಮೀಟರ್ ಬೋರ್ಡ್‌ನಿಂದ ನೇರವಾಗಿ 4 ಚದರ ಎಂಎಂ ತಾಮ್ರದ ವೈರ್ ಎಳೆಸಿ. ಬೇರೆಯೇ 20 ಆಂಪ್ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಸಿ ಟೈಪ್ ಅಂತ ಕೇಳಿ. ಬಿ ಟೈಪ್ ಆದರೆ ಸ್ವಿಚ್ ಹಾಕಿದ ಕ್ಷಣದ ಎಳೆತಕ್ಕೇ ಟ್ರಿಪ್ ಆಗಬಹುದು. ಅರ್ಥಿಂಗ್ ಸರಿ ಇದೆಯಾ ನೋಡಿಸಿ.

ಗದ್ದೆಬದು, ಪಾಂಡವಪುರ ತಾಲ್ಲೂಕು
ನಮ್ಮದು ಹಳೇ ಮನೆ. ದೊಡ್ಡ ಸಾಕೆಟ್ ಒಂದೇ ಇದೆ, ಗ್ರೈಂಡರ್‌ಗೆ ಹಾಕಿಸಿದ್ದು. ಅಲ್ಲಿಂದ ಕೊಟ್ಟಿಗೆ 30 ಮೀಟರ್ ಆಗುತ್ತದೆ. ಉದ್ದ ವೈರ್ ಇದೆ, ಮದುವೆ ಸೀರಿಯಲ್ ಲೈಟಿಗೆ ತಂದಿದ್ದು. ಅದರಲ್ಲಿ ಎಳೆದುಕೊಂಡರೆ ಆಗಲ್ವಾ?

ವೈರ್‌ಮ್ಯಾನ್ ಮಂಡ್ಯ
ದಯವಿಟ್ಟು ಬೇಡ. ಲೈಟಿನ ವೈರ್ 1 ಚದರ ಎಂಎಂ ಇದ್ದರೆ ಹೆಚ್ಚು. 30 ಮೀಟರ್ ಹೋಗಿ ಬರುವುದಕ್ಕೆ 60 ಮೀಟರ್ ಆಯಿತು. 15 ಆಂಪ್ ಹರಿದರೆ 16-17 ವೋಲ್ಟ್ ಆ ವೈರಿನಲ್ಲೇ ಕಳೆದುಹೋಗುತ್ತದೆ. ಸಾಯಂಕಾಲ ಹಳ್ಳಿಯಲ್ಲಿ ವೋಲ್ಟೇಜ್ ಮೊದಲೇ ಇಳಿದಿರುತ್ತದೆ. ಮೇಲೆ ಇದೂ ಸೇರಿದರೆ ರಾಡ್ ಹತ್ತಿಕೊಳ್ಳದೆ ಅಂಟಿಕೊಳ್ಳುತ್ತದೆ. ನೀವು ಮೆಷಿನ್ ಸರಿ ಇಲ್ಲ ಅಂತೀರಿ. ಅದೇ 4 ಎಂಎಂ ವೈರ್ ಆದರೆ ನಾಲ್ಕೈದು ವೋಲ್ಟ್ ಮಾತ್ರ ಹೋಗುತ್ತದೆ. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಡಿಸಿಯೇ ಬಳಸಬೇಕು. ಸುತ್ತಿಟ್ಟರೆ ಬಿಸಿಯಾಗಿ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ.

ನಾಲೆಏರಿ, ಶ್ರೀರಂಗಪಟ್ಟಣ
ಪಂಪ್‌ಸೆಟ್ ಲೈನ್‌ನಿಂದ ಎಳೆದುಕೊಂಡರೆ ಮುಗಿಯಿತಲ್ಲ. ತ್ರೀ ಫೇಸ್ ಇರುತ್ತದೆ, ಬಿಲ್ಲೂ ಇಲ್ಲ.

ಕೆರೆಕೋಡಿ, ನಾಗಮಂಗಲ
ಅದು ತಪ್ಪು ಅಣ್ಣ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಉಚಿತ ಕರೆಂಟ್ ಕೊಟ್ಟಿರುವುದು ನೀರೆತ್ತುವುದಕ್ಕೆ. ಅದರಲ್ಲಿ ವೆಲ್ಡಿಂಗ್ ಮಾಡಿ ಸಿಕ್ಕಿಬಿದ್ದರೆ ಕರೆಂಟ್ ಕಂಪನಿ ಸೆಸ್ಕ್‌ನವರು ದಂಡ ಹಾಕುತ್ತಾರೆ. ನಾವೇ ಹೀಗೆ ಮಾಡಿದರೆ ನಾಳೆ "ರೈತರು ಉಚಿತ ಕರೆಂಟ್ ದುರುಪಯೋಗ ಮಾಡ್ತಾರೆ" ಅನ್ನುವವರ ಬಾಯಿಗೆ ನಾವೇ ಮಾತು ಕೊಟ್ಟ ಹಾಗೆ. ನನಗೆ ಇದು ನಿಜವಾಗಿ ಬೇಜಾರು.

ನಾಲೆಏರಿ, ಶ್ರೀರಂಗಪಟ್ಟಣ
ಸರಿ, ನೀವು ಹೇಳಿದ್ದು ನ್ಯಾಯ. ಆದರೆ ಮನೆ ಲೈನ್‌ನಲ್ಲಿ ಮಾಡಿದರೆ ಗೃಹಜ್ಯೋತಿಯ ಉಚಿತ ಯೂನಿಟ್ ಮಿತಿ ದಾಟಿ ಹೋಗಲ್ವಾ?

ವೈರ್‌ಮ್ಯಾನ್ ಮಂಡ್ಯ
ಒಂದು 2.5 ಎಂಎಂ ರಾಡ್ ಉರಿಯುವುದು ಹೆಚ್ಚು ಕಮ್ಮಿ ಒಂದು ನಿಮಿಷ. 20 ರಾಡ್ ಸುಟ್ಟರೆ 20 ನಿಮಿಷ. 2.3 ಕಿಲೋವ್ಯಾಟ್‌ಗೆ ಅದು ಮುಕ್ಕಾಲು ಯೂನಿಟ್. ತಿಂಗಳಿಗೆ ಒಂದು ಗೇಟ್ ರಿಪೇರಿ ಮಾಡಿದರೆ ಬಿಲ್ಲಿನಲ್ಲಿ ಗೊತ್ತೇ ಆಗಲ್ಲ.

ಸುಮ್ನೆಓದುವೆ, ಮೈಸೂರು
ಇನ್ವರ್ಟರ್ ಮೆಷಿನ್ ಅಂದರೆ ಕರೆಂಟ್ ಹೋದಾಗಲೂ ಓಡುತ್ತದಾ?

ಮೇಟಗಳ್ಳಿ ಫಿಟ್ಟರ್, ಮೈಸೂರು
ಇಲ್ಲ. ಬ್ಯಾಟರಿಯ ಇನ್ವರ್ಟರ್‌ಗೂ ಇದಕ್ಕೂ ಹೆಸರು ಮಾತ್ರ ಒಂದೇ. ಇದು 50 ಹರ್ಟ್ಸ್ ಕರೆಂಟನ್ನು ಸಾವಿರಾರು ಹರ್ಟ್ಸ್‌ಗೆ ಏರಿಸಿಕೊಳ್ಳುತ್ತದೆ. ಆಗ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದರೂ ಸಾಕು, ಮೆಷಿನ್ ಹಗುರ ಆಗುತ್ತದೆ. ಮನೆಯ ಬ್ಯಾಟರಿ ಲೈನ್‌ಗೆ ಮಾತ್ರ ಇದನ್ನು ಹಾಕಬೇಡಿ.

ಹೊಸಕಿಡಿ, ಮೈಸೂರು
ಯಾರೂ ಮಿಗ್ (ರಾಡ್ ಬದಲು ವೈರ್ ಕರಗಿಸುವ ವೆಲ್ಡಿಂಗ್) ಬಗ್ಗೆ ಹೇಳಲಿಲ್ಲ! ಗ್ಯಾಸ್ ಬೇಡದ ವೈರ್ ಹಾಕುವ ಸಣ್ಣ ಮಿಗ್ ಮೆಷಿನ್ ಈಗ ಸಿಗುತ್ತದೆ. 0.8 ಎಂಎಂ ವೈರ್. ಗುಂಡಿ ಒತ್ತಿದರೆ ವೈರ್ ತಾನೇ ಬರುತ್ತದೆ. ಕಲಿಯುವವರಿಗೆ ತುಂಬ ಸುಲಭ. ನಾನು ಟೆರೇಸ್ ಮೇಲೆ 18 ಗೇಜ್ ಪೈಪಿನಲ್ಲಿ ಗಿಡದ ಸ್ಟ್ಯಾಂಡ್ ಮಾಡಿದೆ, ಒಂದೇ ಒಂದು ತೂತು ಬೀಳಲಿಲ್ಲ.

ಮೇಟಗಳ್ಳಿ ಫಿಟ್ಟರ್, ಮೈಸೂರು
ತೆಳು ಪೈಪಿಗೆ ಮಿಗ್ ಒಳ್ಳೆಯದೇ ತಮ್ಮ. 18 ಗೇಜ್ ಅಂದರೆ 1.2 ಎಂಎಂ, ಅದನ್ನು ರಾಡ್‌ನಲ್ಲಿ ಹಿಡಿಯಲು ಕೈ ಪಳಗಿರಬೇಕು. ಆದರೆ ಇವರ ಮೆಷಿನ್ ಇರುವುದು ಕೊಟ್ಟಿಗೆ ಪಕ್ಕ. ವೈರ್ ಸುರುಳಿ ತಿಂಗಳುಗಟ್ಟಲೆ ಹಾಗೇ ಕೂತರೆ ತುಕ್ಕು ಹಿಡಿಯುತ್ತದೆ, ಆಮೇಲೆ ಮೆಷಿನ್ನಿನಿಂದ ವೈರ್ ಬರುವ ಕೊಳವೆಯೊಳಗೆ ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೆ ಹತ್ತು ಸಲ ಕೆಲಸ ಇರುವವರಿಗೆ ರಾಡೇ ಸರಿ. ತುಕ್ಕು ಸ್ವಲ್ಪ ಇದ್ದರೂ 6013 ನಂಬರಿನ ಸಾದಾ ರಾಡ್ ಹೇಗೋ ಹಿಡಿದುಕೊಳ್ಳುತ್ತದೆ.

ಹೊಸಕಿಡಿ, ಮೈಸೂರು
ತುಕ್ಕು ಹಿಡಿಯುವ ಮಾತು ಒಪ್ಪಿದೆ. ಆದರೂ ಅವರ ಚಾವಣಿ ಪೈಪ್ 18 ಗೇಜ್ ಆಗಿದ್ದರೆ ರಾಡ್‌ನಲ್ಲಿ ಒದ್ದಾಡುತ್ತಾರೆ ಅಂತ ಈಗಲೇ ಹೇಳಿರುತ್ತೇನೆ.

ದೊಡ್ಡಮನೆ ಶಾಪ್, ಕೆ.ಆರ್. ಪೇಟೆ
ನಾನು ವೆಲ್ಡಿಂಗ್ ಅಂಗಡಿ ಇಟ್ಟಿರುವವನು. ಎಲ್ಲರೂ ಮನೆಗೊಂದು ಮೆಷಿನ್ ತಗೊಂಡರೆ ನಮ್ಮ ಹೊಟ್ಟೆಪಾಡು ಏನು? "ನಾಳೆ ಬರ್ತೀನಿ" ಅನ್ನುವುದಕ್ಕೆ ಕಾರಣ ಇದೆ. ಒಂದು ಕೀಲಿಗೆ 8 ಕಿಲೋಮೀಟರ್ ಬಂದು, ಮೆಷಿನ್ ಇಳಿಸಿ, ಲೈನ್ ಹುಡುಕಿ, ಐದು ನಿಮಿಷ ಸುಟ್ಟು 200 ರೂಪಾಯಿ ಕೇಳಿದರೆ "ಇಷ್ಟಕ್ಕೆ ಇಷ್ಟಾ?" ಅಂತಾರೆ. ಹುಡುಗನ ಕೂಲಿಯೂ ಹುಟ್ಟಲ್ಲ.

ಗದ್ದೆಬದು, ಪಾಂಡವಪುರ ತಾಲ್ಲೂಕು
ಅಣ್ಣ, ನಿಮ್ಮ ಮೇಲೆ ಕೋಪ ಇಲ್ಲ. ಬರಲ್ಲ ಅಂತ ನೇರ ಹೇಳಿದರೆ ಸಾಕು, ನಾವು ಬೇರೆ ದಾರಿ ನೋಡಿಕೊಳ್ತೀವಿ. ನಾಳೆ ನಾಳೆ ಅಂತ ಕಾಯಿಸಿದರೆ ಕರು ಕಾಯಲ್ಲ.

ದೊಡ್ಡಮನೆ ಶಾಪ್, ಕೆ.ಆರ್. ಪೇಟೆ
ಆ ಮಾತು ಸರಿ. ಕೀಲು, ಸ್ಟ್ಯಾಂಡು ನೀವೇ ಮಾಡಿಕೊಳ್ಳಿ. ಟ್ರೈಲರ್ ಕೊಂಡಿ, ನೇಗಿಲು, ಮನುಷ್ಯರು ಹತ್ತುವ ಏಣಿ ಇಂಥದ್ದಕ್ಕೆ ಮಾತ್ರ ಕೈ ಹಾಕಬೇಡಿ. ಟ್ರೈಲರ್ ಕೊಂಡಿ ಮೇಲೆ ಚೆನ್ನಾಗಿ ಕಂಡು ಒಳಗೆ ಹಿಡಿಯದೆ ಇದ್ದರೆ ಕಬ್ಬಿನ ಲೋಡ್ ಹೊತ್ತು ರಸ್ತೆಯಲ್ಲಿ ಕಳಚುತ್ತದೆ. ಹಿಂದೆ ಬರುವವರು ಬೈಕಿನಲ್ಲಿ ಇರುತ್ತಾರೆ. ಖಾಲಿ ಡೀಸೆಲ್ ಡ್ರಮ್, ಪೆಟ್ರೋಲ್ ಟ್ಯಾಂಕ್ ಹತ್ತಿರವಂತೂ ಸುಳಿಯಲೇಬೇಡಿ. ಖಾಲಿ ಅಂತ ಕಂಡರೂ ಒಳಗೆ ಆವಿ ತುಂಬಿರುತ್ತದೆ, ಬಾಂಬಿನ ಹಾಗೆ ಸಿಡಿಯುತ್ತದೆ.

ಆಲೆಮನೆ ಹುಡುಗ, ಮಂಡ್ಯ
ನಮ್ಮ ಆಲೆಮನೆ ಕೊಪ್ಪರಿಗೆ ತಳದಲ್ಲಿ ಕೂದಲೆಳೆ ಬಿರುಕು ಇದೆ. ಇಂಥ ಮೆಷಿನ್‌ನಲ್ಲಿ ಆಗುತ್ತದಾ?

ಮೇಟಗಳ್ಳಿ ಫಿಟ್ಟರ್, ಮೈಸೂರು
ಬೇಡ. ಕೆಳಗೆ ದಿನವಿಡೀ ಬೆಂಕಿ, ಮೇಲೆ ಕುದಿಯುವ ಕಬ್ಬಿನ ಹಾಲು. ಬಿಸಿಗೆ ಹಿಗ್ಗಿ ತಣ್ಣಗಾಗಿ ಕುಗ್ಗಿ ಬೆಸುಗೆ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಕೊಪ್ಪರಿಗೆ ಮಾಡುವವರಿಗೇ ಕೊಡಿ. ಹಾಗೇ ಪಂಪಿನ ಬಾಡಿ. ಅದು ಬೀಡು ಕಬ್ಬಿಣ. ಸಾದಾ ರಾಡ್‌ನಲ್ಲಿ ಸುಟ್ಟರೆ ಆಗ ಕೂತ ಹಾಗೆ ಕಾಣುತ್ತದೆ, ತಣ್ಣಗಾಗುವಾಗ "ಟಿಣ್" ಅಂತ ಸದ್ದು ಬರುತ್ತದೆ. ಆ ಸದ್ದು ಬಂತು ಅಂದರೆ ಬಿರುಕು ಬಿಟ್ಟಿತು ಅಂತಲೇ ಅರ್ಥ. ಅದಕ್ಕೆ ನಿಕ್ಕಲ್ ರಾಡ್ ಬೇಕು, ಮೊದಲೇ ಕಾಯಿಸಬೇಕು.

ಕುರಿಹಟ್ಟಿ ಅಕ್ಕ, ಬನ್ನೂರು
ನಾನೂ ಬರೆಯುತ್ತೇನೆ. ಕುರಿ ಕೊಟ್ಟಿಗೆಗೆ ಜಾಲರಿ ಬಾಗಿಲು ಮಾಡಲು ಎರಡು ವರ್ಷದ ಹಿಂದೆ ಸಣ್ಣ ಮೆಷಿನ್ ತಂದೆ. ನಾನೇ ಕಲಿತೆ. ಮೆಷಿನ್ ಜೊತೆ ಡಬ್ಬದಲ್ಲಿ ಮುಖಕ್ಕೆ ಅಡ್ಡ ಹಿಡಿಯುವ, ಕಪ್ಪು ಗಾಜಿನ ಒಂದು ಪ್ಲಾಸ್ಟಿಕ್ ಪರದೆ ಬಂದಿತ್ತು. ಒಂದು ಕೈಯಲ್ಲಿ ಅದು, ಒಂದು ಕೈಯಲ್ಲಿ ರಾಡ್ ಸಿಕ್ಕಿಸುವ ಹೋಲ್ಡರ್, ಬಾಗಿಲು ಹಿಡಿಯಲು ಕೈಯೇ ಇಲ್ಲ. ಹಾಗಾಗಿ ಟ್ಯಾಕ್ (ಅಲುಗಾಡದ ಹಾಗೆ ಮೊದಲು ಇಡುವ ಚುಕ್ಕಿ ಬೆಸುಗೆ) ಹಾಕುವಾಗ ಕಣ್ಣು ಮುಚ್ಚಿಕೊಂಡು ಚುಕ್ಕಿ ಚುಕ್ಕಿ ಇಡುತ್ತಿದ್ದೆ. ಹತ್ತಿಪ್ಪತ್ತು ಚುಕ್ಕಿ ಅಷ್ಟೇ. ಪಕ್ಕದಲ್ಲಿ ನನ್ನ ಮಗಳು ಬಾಗಿಲು ಹಿಡಿದು ನಿಂತಿದ್ದಳು.

ಆಗ ಏನೂ ಆಗಲಿಲ್ಲ. ರಾತ್ರಿ ಎರಡು ಗಂಟೆಗೆ ಇಬ್ಬರಿಗೂ ಎಚ್ಚರ ಆಯಿತು. ಕಣ್ಣಿನೊಳಗೆ ಬಿಸಿ ಮರಳು ಸುರಿದ ಹಾಗೆ. ರೆಪ್ಪೆ ತೆಗೆದರೆ ಚುಚ್ಚುತ್ತದೆ, ಮುಚ್ಚಿದರೂ ಚುಚ್ಚುತ್ತದೆ. ನೀರು ಸುರಿಯುತ್ತಲೇ ಇತ್ತು. ಮಗಳು ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅವಳಿಗೆ ಆದದ್ದು ನನ್ನಿಂದ, ಆ ರಾತ್ರಿ ನಾನು ಮರೆಯಲ್ಲ. ಎರಡನೇ ದಿನಕ್ಕೆ ಇಬ್ಬರಿಗೂ ಸರಿಹೋಯಿತು. ಆಮೇಲೆ ತಾನೇ ಕಪ್ಪಾಗುವ ಗಾಜಿನ ಹೆಲ್ಮೆಟ್ ಎರಡು ತಂದೆ, ಹಿಡಿದುಕೊಳ್ಳುವವರಿಗೂ ಒಂದು. ನಿಮ್ಮ ಹತ್ತು ಸಾವಿರದಲ್ಲಿ ಮೊದಲು ಅದಕ್ಕೆ ತೆಗೆದಿಡಿ. 10 ಅಥವಾ 11ನೇ ನಂಬರ್ ಶೇಡ್.

ನಾಲೆಏರಿ, ಶ್ರೀರಂಗಪಟ್ಟಣ
ಅಕ್ಕ, ಅದಕ್ಕೆ ಎದೆಹಾಲು ಇಲ್ಲಾ ಆಲೂಗಡ್ಡೆ ಹೋಳು ಇಟ್ಟರೆ ಬೇಗ ಇಳಿಯುತ್ತದೆ. ನಮ್ಮ ಕಡೆ ಎಲ್ಲ ಹಾಗೇ ಮಾಡುವುದು.

ಕುರಿಹಟ್ಟಿ ಅಕ್ಕ, ಬನ್ನೂರು
ನಮ್ಮ ಪಕ್ಕದವರೂ ಹಸುವಿನ ಹಾಲು ಬಿಡಿ ಅಂದರು. ಡಾಕ್ಟರ್ ಬೈದರು. ಕಣ್ಣಿನ ಮೇಲ್ಪದರ ಸುಟ್ಟಿರುತ್ತದೆ, ಅದರ ಮೇಲೆ ಹಾಲು ಬಿಟ್ಟರೆ ಸೋಂಕು ಆಗುತ್ತದೆ ಅಂದರು. ಮುಚ್ಚಿದ ರೆಪ್ಪೆ ಮೇಲೆ ತಣ್ಣನೆ ಒದ್ದೆ ಬಟ್ಟೆ, ಕತ್ತಲೆ ಕೋಣೆ, ಅವರು ಕೊಟ್ಟ ಡ್ರಾಪ್ಸ್. ಅಷ್ಟೇ. ಕಣ್ಣಿನೊಳಗೆ ಮನೆ ಮದ್ದು ಬೇಡ ಅಣ್ಣ.

ಕೆರೆಕೋಡಿ, ನಾಗಮಂಗಲ
ಕೊಟ್ಟಿಗೆ ಹತ್ತಿರ ಅಂದರೆ ಹುಲ್ಲಿನ ಮೆದೆ ಇರುತ್ತದೆ. ಅದನ್ನು ಯಾರೂ ಹೇಳಲಿಲ್ಲ. ಗೇಟ್ ಕಿತ್ತು ಅಂಗಳಕ್ಕೆ ತನ್ನಿ. ಕಿಡಿ ಹತ್ತು ಮೀಟರ್‌ವರೆಗೂ ಹಾರಬಹುದು, ಹುಲ್ಲಿನೊಳಗೆ ಹೊಗೆ ಕಾಣದೆ ಕೂತಿರುತ್ತದೆ. ಬಕೆಟ್ ನೀರು ಇಟ್ಟುಕೊಳ್ಳಿ. ಕೆಲಸ ಮುಗಿದು ಅರ್ಧ ಗಂಟೆ ಆದ ಮೇಲೆ ಇನ್ನೊಂದು ಸಲ ಸುತ್ತಿ ನೋಡಿ. ಗಂಜಲದಲ್ಲಿ ಒದ್ದೆಯಾದ ನೆಲದ ಮೇಲೆ ನಿಂತು ಸುಡಬೇಡಿ. ಹಸುಗಳನ್ನು ದೂರ ಕಟ್ಟಿ, ಅವಕ್ಕೆ ನಮಗಿಂತ ಬೇಗ ಶಾಕ್ ತಾಗುತ್ತದೆ.

ವೈರ್‌ಮ್ಯಾನ್ ಮಂಡ್ಯ
ಈ ಮಾತು ನಾನೇ ಹೇಳಬೇಕಿತ್ತು. ರಾಡ್ ಸುಡದೆ ಸುಮ್ನೆ ಇರುವಾಗ ಹೋಲ್ಡರ್‌ನಲ್ಲಿ 60-80 ವೋಲ್ಟ್ ಇರುತ್ತದೆ. ಒಣ ಕೈಗೆ ಅಷ್ಟು ಗೊತ್ತಾಗಲ್ಲ. ಬೆವರಿದ ಕೈ, ಒದ್ದೆ ನೆಲ, ಬರಿಗಾಲು ಸೇರಿದರೆ ಅಪಾಯ. ಮೆಷಿನ್‌ನಲ್ಲಿ ವಿಆರ್‌ಡಿ ಅಂತ ಇದ್ದರೆ ಅದು ಈ ವೋಲ್ಟೇಜನ್ನು ಇಳಿಸಿ ಇಡುತ್ತದೆ. ಎರಡು ಮೆಷಿನ್ ನಡುವೆ ಆರಿಸಬೇಕಾದರೆ ವಿಆರ್‌ಡಿ ಇರುವುದನ್ನು ತಗೊಳ್ಳಿ.

ಕಬ್ಬಿನಹಾಲು, ಮದ್ದೂರು
ಜಿಐ ಪೈಪ್ (ಸತು ಲೇಪ ಇರುವ ಪೈಪ್) ಬಗ್ಗೆಯೂ ಎಚ್ಚರ. ಬೆಳ್ಳಗೆ ಹೊಗೆ ಬರುತ್ತದೆ, ಸತುವಿನ ಹೊಗೆ. ನಮ್ಮ ಮಾವ ಮುಚ್ಚಿದ ಶೆಡ್ಡಿನಲ್ಲಿ ಸುಟ್ಟು ರಾತ್ರಿ ಚಳಿಜ್ವರದಲ್ಲಿ ಗಡಗಡ ನಡುಗಿದರು. ಬೆಸುಗೆ ಹಾಕುವ ಕಡೆ ಬಿಳಿ ಲೇಪ ಉಜ್ಜಿ ತೆಗೆದು, ಬಯಲಲ್ಲಿ, ಗಾಳಿ ಬೆನ್ನಿಗೆ ಬರುವ ಹಾಗೆ ಕೂತು ಮಾಡಿ.

ಗದ್ದೆಬದು, ಪಾಂಡವಪುರ ತಾಲ್ಲೂಕು
ಇಷ್ಟೊಂದು ವಿಷಯ ಇದೆ ಅಂತ ಗೊತ್ತಿರಲಿಲ್ಲ. ವೈರ್‌ಮ್ಯಾನ್ ಅವರು ಹೇಳಿದ ಹಾಗೆ ಮೊದಲು ಲೈನ್ ಎಳೆಸುತ್ತೇನೆ. ಮೆಷಿನ್ ತಂದ ಮೇಲೆ ಕಲಿಯುವುದು ಹೇಗೆ?

ಮೇಟಗಳ್ಳಿ ಫಿಟ್ಟರ್, ಮೈಸೂರು
ಗುಜರಿಯಲ್ಲಿ ಐದು ಕೆಜಿ ಫ್ಲಾಟ್ ಪಟ್ಟಿ, ಆಂಗ್ಲರ್ ತುಂಡು ತನ್ನಿ. ಅಡೋರ್, ಎಸಾಬ್ ಯಾವ ಕಂಪನಿಯದಾದರೂ 6013 ರಾಡ್, ಐಎಸ್ 814 (ರಾಡ್‌ಗಳ ಭಾರತೀಯ ಮಾನದಂಡ) ಗುರುತು ಇದೆಯಾ ನೋಡಿ. ಗೇಟ್ ಮುಟ್ಟಬೇಡಿ. ಮೊದಲ ಇಪ್ಪತ್ತು ರಾಡ್ ಬರೀ ಪಟ್ಟಿ ಮೇಲೆ ಗೆರೆ ಎಳೆಯಲು.

ಅರ್ಥ್ ಕ್ಲಾಂಪ್ (ಮೆಷಿನ್ನಿನ ಇನ್ನೊಂದು ವೈರಿನ ತುದಿಯ ಕ್ಲಿಪ್) ಹಿಡಿಸುವ ಜಾಗ ಉಜ್ಜಿ ಹೊಳೆಯುವ ಹಾಗೆ ಮಾಡಿ. ಬಣ್ಣದ ಮೇಲೆ ಹಿಡಿಸಿ ಮೆಷಿನ್ ಕೆಟ್ಟಿದೆ ಅಂತ ನನ್ನ ಹತ್ತಿರ ತಂದವರು ಎಷ್ಟೋ ಜನ. 75 ಆಂಪ್ ಇಡಿ. ಬೆಂಕಿಕಡ್ಡಿ ಗೀರಿದ ಹಾಗೆ ರಾಡ್ ಗೀರಿ, ಹತ್ತಿದ ತಕ್ಷಣ ಎರಡೂವರೆ ಎಂಎಂ ಮೇಲೆ ನಿಲ್ಲಿಸಿ. ಕಣ್ಣಿಗಿಂತ ಕಿವಿ ಮುಖ್ಯ. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ ಒಂದೇ ಸಮ ಚಟಪಟ ಅಂದರೆ ಸರಿ ಇದೆ. ಬುಸ್ ಬುಸ್ ಅಂತ ಕಿಡಿ ಹಾರಿದರೆ ರಾಡ್ ದೂರ ಆಯಿತು. ಅಂಟಿಕೊಂಡರೆ ತಿರುಚಿ ಎಳೆಯಿರಿ, ಬರದಿದ್ದರೆ ಹೋಲ್ಡರ್ ಒತ್ತಿ ಬಿಡಿಸಿ.

ರಾಡ್ ಹೋಗುವ ದಿಕ್ಕಿಗೆ ಸ್ವಲ್ಪ ವಾಲಿರಲಿ. ಬೆಳ್ಳಗಿನ ಬೆಂಕಿಯನ್ನು ನೋಡಬೇಡಿ, ಅದರ ಹಿಂದೆ ಕೆಂಪಗೆ ಕರಗಿದ ಕೆರೆ ಇರುತ್ತದೆ, ಅದನ್ನು ನೋಡುತ್ತಾ ಹೋಗಿ. ಸರಿಯಾಗಿ ಕೂತರೆ ತಣ್ಣಗಾದ ಮೇಲೆ ಬೆಸುಗೆ ಮೇಲಿನ ಕಿಟ್ಟ ಹಾವಿನ ಪೊರೆ ಹಾಗೆ ಉದ್ದಕ್ಕೂ ಎದ್ದು ಬರುತ್ತದೆ. ಸುತ್ತಿಗೆಯಲ್ಲಿ ಬಡಿದು ಬಡಿದು ತೆಗೆಯಬೇಕಾಗಿ ಬಂದರೆ ಎಲ್ಲೋ ತಪ್ಪಿದೆ.

ಹಳೇಬಂಗಾರ, ಮಳವಳ್ಳಿ
ರಾಡ್ ಪ್ಯಾಕೆಟ್ ಒಡೆದ ಮೇಲೆ ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಇಡಿ. ಮಳೆಗಾಲದಲ್ಲಿ ತಂಡಿ ಹಿಡಿದರೆ ಚೆನ್ನಾಗಿ ಒಣಗಿಸಿಯೇ ಬಳಸಿ. ಈ ಮಾತು ಇನ್ವರ್ಟರ್ ಮೆಷಿನ್‌ಗೆ ಹಾಕುವ ರಾಡ್‌ಗೂ ಅನ್ವಯಿಸುತ್ತದೆ.

ದೊಡ್ಡಮನೆ ಶಾಪ್, ಕೆ.ಆರ್. ಪೇಟೆ
ಇನ್ನೊಂದು. ಮೆಷಿನ್ ಪಕ್ಕದಲ್ಲೇ ಗ್ರೈಂಡಿಂಗ್ ಮಾಡಬೇಡಿ. ಒಳಗಿನ ಫ್ಯಾನ್ ಕಬ್ಬಿಣದ ಪುಡಿ ಎಳೆದುಕೊಂಡು ಬೋರ್ಡ್ ಸುಡುತ್ತದೆ. ಹಳೇಬಂಗಾರ ಅವರು ಹೇಳಿದ "ಎರಡು ವರ್ಷ" ಆಗುವುದು ಬಹಳ ಕಡೆ ಇದರಿಂದಲೇ. ಟ್ರ್ಯಾಕ್ಟರ್ ಮೇಲೆ ಏನಾದರೂ ಸುಡುವುದಿದ್ದರೆ ಮೊದಲು ಬ್ಯಾಟರಿ ವೈರ್ ಬಿಚ್ಚಿ.

ಗದ್ದೆಬದು, ಪಾಂಡವಪುರ ತಾಲ್ಲೂಕು
ಹದಿನೆಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. 4 ಎಂಎಂ ವೈರ್, ಬೇರೆ ಎಂಸಿಬಿ ಆಯಿತು. ಪಟ್ಟಿ ಓದಿಯೇ ಮೆಷಿನ್ ತಂದೆ, 160 ಆಂಪ್‌ಗೆ 60% ಬರೆದಿದೆ. ವಿಆರ್‌ಡಿ ಇದೆ. ಹೆಲ್ಮೆಟ್ ಎರಡು. ವೈರಿಂಗ್ ಬಿಟ್ಟು ಮಿಕ್ಕಿದ್ದೆಲ್ಲ ಹತ್ತು ಸಾವಿರದ ಒಳಗೇ ಬಂತು.

ಗೆರೆ ಎಳೆದದ್ದು ಇಪ್ಪತ್ತಲ್ಲ, ಮೂವತ್ತೈದು ರಾಡ್. ಇಪ್ಪತ್ತೆಂಟನೆಯದೋ ಏನೋ, ಸಾಸಿವೆ ಸದ್ದು ಬಂತು. ನಿಲ್ಲಿಸಿ ನೋಡಿದರೆ ಕಿಟ್ಟ ಒಂದು ತುದಿಯಿಂದ ತಾನೇ ಸುರುಳಿ ಸುತ್ತಿಕೊಂಡು ಎದ್ದಿತ್ತು. ಅಮ್ಮನನ್ನು ಕರೆದು ತೋರಿಸಿದೆ.

ನಿನ್ನೆ ಗೇಟ್ ಕೂರಿಸಿದೆವು. ಮೇಲಿನ ಕೀಲು ಗಟ್ಟಿ ಇದೆ. ಕೆಳಗಿನದರಲ್ಲಿ ಸಣ್ಣ ಸಣ್ಣ ರಂಧ್ರ ಬಿದ್ದಿವೆ, ಜೇನುಗೂಡಿನ ಹಾಗೆ. ಹಾಗೇ ಬಿಡಲಾ?

ಮೇಟಗಳ್ಳಿ ಫಿಟ್ಟರ್, ಮೈಸೂರು
ಕೆಳಗಿನ ಕೀಲಿನ ಬಣ್ಣ, ಸಗಣಿ ಪೂರ್ತಿ ಉಜ್ಜಿರಲಿಲ್ಲ, ಅಲ್ವಾ? ಬಿಡಬೇಡಿ. ಗೇಟಿನ ಭಾರ ಕೀಲುಗಳ ಮೇಲೆಯೇ ಇರುತ್ತದೆ. ರಂಧ್ರದ ಮೇಲೆ ಇನ್ನೊಂದು ಪದರ ಹಾಕಿದರೆ ರಂಧ್ರ ಒಳಗೇ ಉಳಿಯುತ್ತದೆ. ಗ್ರೈಂಡರ್‌ನಲ್ಲಿ ಆ ಬೆಸುಗೆ ಪೂರ್ತಿ ಕೆತ್ತಿ ಹಾಕಿ, ಬೆಳ್ಳಿ ಹಾಗೆ ಹೊಳೆಯುವ ಕಬ್ಬಿಣ ಕಂಡ ಮೇಲೆ 80 ಆಂಪ್‌ನಲ್ಲಿ ಮತ್ತೆ ಹಾಕಿ.

ಗದ್ದೆಬದು, ಪಾಂಡವಪುರ ತಾಲ್ಲೂಕು
ಸಗಣಿ ಇತ್ತು, ನಿಜ. ಭಾನುವಾರ ಕೆತ್ತಿ ಮತ್ತೆ ಹಾಕುತ್ತೇನೆ. ಚಾವಣಿ ಪೈಪ್ ಅಳತೆ ಮಾಡಿಸಿದೆ, 18 ಗೇಜೇ. ಹೊಸಕಿಡಿ ಅವರೇ, ಈಗ ನೀವು ಹೇಳಿ, ಅದನ್ನು ರಾಡ್‌ನಲ್ಲಿ ಹೇಗೆ ಹಿಡಿಯಲಿ?

ಹೊಸಕಿಡಿ, ಮೈಸೂರು
2 ಎಂಎಂ ರಾಡ್ ಕೇಳಿ ತನ್ನಿ, 45-50 ಆಂಪ್. ಹೋಲ್ಡರ್ ವೈರನ್ನು ಮೈನಸ್‌ಗೆ ಹಾಕಿ, ತೆಳು ಪೈಪಿಗೆ ಕಾವು ಕಮ್ಮಿ ಬೀಳುತ್ತದೆ. ಉದ್ದ ಗೆರೆ ಎಳೆಯಬೇಡಿ. ಒಂದು ಚುಕ್ಕಿ, ಕೆಂಪು ಆರುವವರೆಗೆ ನಿಲ್ಲಿಸಿ, ಪಕ್ಕದಲ್ಲಿ ಇನ್ನೊಂದು ಚುಕ್ಕಿ. ಮೊದಲು ತುಂಡು ಪೈಪಿನಲ್ಲಿ ಮಾಡಿ ಫೋಟೋ ಹಾಕಿ, ನೋಡೋಣ.